ಸೇರಿಗೂ ಒಂದು ಜಾಗವಿದೆ, ತಕ್ಕಡಿಗೂ ಒಂದು ಜಾಗವಿದೆ

ಜರ್ಮನಿಯ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಯ ಜಾಡಿಯ ಮೇಲೆ ನೀರಿಗೊಂದು, ಮೈದಾಕ್ಕೊಂದು, ಸಕ್ಕರೆಗೊಂದು ಎಂದು ಪ್ರತ್ಯೇಕ ಗೆರೆಗಳಿರುತ್ತವೆ; ಅರ್ಧ ಕೆಜಿ ಸಕ್ಕರೆಯ ಗೆರೆ ಕೆಳಗಿದ್ದರೆ, ಅರ್ಧ ಕೆಜಿ ಮೈದಾದ ಗೆರೆ ಅದಕ್ಕಿಂತ ಬಹಳ ಮೇಲಿರುತ್ತದೆ. ಗಂಗಾವತಿಯಿಂದ ಬಂದು ಇಲ್ಲಿ ನೆಲೆಸಿದ ನನಗೆ ಇಲ್ಲಿಯ ಪದ್ಧತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಈ ಗೆರೆಗಳೇ.

ನಮ್ಮಲ್ಲಿ ಅಡುಗೆ ಬರೆಯುವ ಹಲವರು ‘ಒಂದು ಕಪ್ ಎಂದರೆ 250 ಗ್ರಾಂ’ ಎಂದು ಎಲ್ಲ ಪದಾರ್ಥಗಳಿಗೂ ಒಂದೇ ಲೆಕ್ಕ ಹಚ್ಚುತ್ತಾರೆ. 250 ಮಿಲಿಲೀಟರಿನ ಕಪ್ಪಿನಲ್ಲಿ ನೀರು ತುಂಬಿದರೆ ಆ ಲೆಕ್ಕ ಸರಿಯೇ. ಆದರೆ ಸುಮಾರು 237 ಮಿಲಿಲೀಟರ್ ಹಿಡಿಯುವ ಅಮೆರಿಕದ ಕಪ್ಪಿನಲ್ಲಿ ಸಕ್ಕರೆ 200 ಗ್ರಾಂ ತೂಗುತ್ತದೆ, ಹಗುರಾಗಿ ತುಂಬಿದ ಮೈದಾ 120 ಗ್ರಾಂ ತೂಗುತ್ತದೆ, ಕಪ್ಪನ್ನೇ ಡಬ್ಬಿಗಿಳಿಸಿ ಒತ್ತಿ ತೆಗೆದರೆ ಅದೇ ಮೈದಾ 150 ಗ್ರಾಮಿನವರೆಗೂ ಹೋಗುತ್ತದೆ. ಲೀಟರ್ ಎಣ್ಣೆಯ ಪಾಕೀಟಿನ ಮೇಲೆ 910 ಗ್ರಾಂ ಎಂದು ಅಚ್ಚಾಗಿರುವುದನ್ನು ದಿನವೂ ನೋಡುವ ನಾವು ಇದನ್ನು ಮರೆಯುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ಹಾಗೆಂದು ಸೇರನ್ನು ಅಟ್ಟಕ್ಕೇರಿಸಬೇಕೆಂದು ನಾನು ಹೇಳುವುದಿಲ್ಲ. ಇಲ್ಲಿಯವರ ತಕ್ಕಡಿಯ ಮೋಹವೂ ಕೆಲವೊಮ್ಮೆ ಅತಿಯೇ. ನಮ್ಮ ಸಂತೆಗಳಲ್ಲಿ ಮಂಡಕ್ಕಿಯನ್ನು ಸೇರಿನಲ್ಲಿ ಅಂಚು ಮೀರಿ ಗೋಪುರವಾಗುವಂತೆ ತುಂಬಿ ಚೀಲಕ್ಕೆ ಸುರಿಯುತ್ತಾರೆ. ಒಂದು ಕಪ್ ಮಂಡಕ್ಕಿ 15 ಗ್ರಾಮಿನ ಆಸುಪಾಸಿನಲ್ಲಿರುವುದರಿಂದ, ತುಸು ತೇವ ಹಿಡಿದರೂ ತೂಕದ ಲೆಕ್ಕದಲ್ಲಿ ಕೊಳ್ಳುವವನು ನೀರಿಗೂ ದುಡ್ಡು ಕೊಟ್ಟಂತಾಗುತ್ತದೆ. ಒಗ್ಗರಣೆ ಮಂಡಕ್ಕಿಯನ್ನು ಗ್ರಾಮಿನಲ್ಲಿ ಬರೆಯುವುದರಿಂದ ಯಾರಿಗೂ ಉಪಯೋಗವಿಲ್ಲ. ಜೋಳದ ರೊಟ್ಟಿಯ ಮಾತೂ ಅಷ್ಟೇ: ಹಿಟ್ಟು ಅಳೆದ ಬಟ್ಟಲಿನಿಂದಲೇ ಕುದಿಯುವ ನೀರನ್ನೂ ಅಳೆದರೆ ಬಟ್ಟಲು ಯಾವುದಾದರೂ ನಡೆಯುತ್ತದೆ, ಹೆಚ್ಚುಕಡಿಮೆಯನ್ನು ನಾದುವ ಕೈ ಸರಿಪಡಿಸುತ್ತದೆ. ಸೋನಾ ಮಸೂರಿ ಅನ್ನಕ್ಕೂ ಅಕ್ಕಿ ಮತ್ತು ನೀರಿನ ಪ್ರಮಾಣವಷ್ಟೇ ಮುಖ್ಯ.

ತಕ್ಕಡಿ ಬೇಕಾಗುವುದು ಬೆಲ್ಲಕ್ಕೆ, ಉಪ್ಪಿಗೆ, ಓವನ್ನಿನಲ್ಲಿ ಬೇಯುವ ಪದಾರ್ಥಗಳಿಗೆ. ಹೋಳಿಗೆಯ ಹೂರಣಕ್ಕೆ ‘ಎರಡು ಬಟ್ಟಲು ಬೆಲ್ಲ’ ಎಂದರೆ, ದಪ್ಪಗೆ ಕುಟ್ಟಿದ ಬೆಲ್ಲದ ತುಂಡುಗಳ ನಡುವಿನ ಗಾಳಿಯೂ ಅಳತೆಗೆ ಸೇರುತ್ತದೆ, ತುರಿದು ಒತ್ತಿದ ಬೆಲ್ಲವಾದರೆ ಹೂರಣ ಸಿಹಿಯಾಗುವುದಲ್ಲದೆ ನೀರೊಡೆಯುತ್ತದೆ. ಕಲ್ಲುಪ್ಪು ಮತ್ತು ಪುಡಿ ಉಪ್ಪಿನ ನಡುವೆಯೂ ಇದೇ ವ್ಯತ್ಯಾಸವಿದೆ. ಒಂದು ಸಪಾಟು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ, ಹರಳು ದಪ್ಪವಾದಷ್ಟೂ ತೂಕ ಕಡಿಮೆ.

ಹಿರಿಯರ ಸೇರನ್ನು ಗ್ರಾಮಿಗೆ ತಿರುಗಿಸಹೊರಡುವವರಿಗೆ ಇನ್ನೊಂದು ತೊಡಕಿದೆ. ತೂಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಕಾಳುಕಡಿ ಅಳೆಯುವ ಸೇರು ಮಾತ್ರ ಊರಿಂದೂರಿಗೆ ಬೇರೆ. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು, ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು ಎಂಬುದನ್ನು ನೆನೆದರೆ, ಮೂರಕ್ಕೂ ಒಂದೇ ಕೋಷ್ಟಕ ಹೊಂದುವುದು ಕಷ್ಟ. ಆದ್ದರಿಂದ ಕೋಷ್ಟಕ ಹುಡುಕುವ ಬದಲು ಮನೆಯ ಸೇರಿಗೆ ಅಂಚಿನವರೆಗೆ ನೀರು ತುಂಬಿ, ಆ ನೀರನ್ನು ತೂಗಬೇಕು; ಬಂದ ಗ್ರಾಮೇ ಅದರ ಮಿಲಿಲೀಟರು. ಬಳಿಕ ಅದೇ ಸೇರಿನಲ್ಲಿ ಬೆಲ್ಲ, ಮೈದಾ, ಸಕ್ಕರೆಯನ್ನು ಒಂದೊಂದು ಸಲ ತೂಗಿ ಆಯಾ ಡಬ್ಬಿಯ ಮೇಲೆ ಬರೆದಿಟ್ಟರೆ, ಜರ್ಮನ್ನರ ಜಾಡಿ ಮಾಡುವ ಕೆಲಸ ನಮ್ಮ ಸೇರಿನಿಂದಲೂ ಆಗುತ್ತದೆ.