ಚಿನ್ನದ ಕಿವಿಗೆ ಚೆಂಡುಹೂವು

ಯಾರಾದ್ರೂ ಹೊಸಬ್ರು ಪಾಪ, ಡೈರ್ ಸ್ಟ್ರೇಟ್ಸ್ ಬ್ಯಾಂಡಿನ 'ಬ್ರದರ್ಸ್ ಇನ್ ಆರ್ಮ್ಸ್' ಆಲ್ಬಮ್ ತಗೋಬೇಕು ಅಂತಿದೀನಿ, ಎಲ್‌ಪಿ, ಅಂದ್ರೆ ವಿನೈಲ್ ಪ್ಲೇಟು, ತಗೊಳ್ಳೋದಾ ಸಿಡಿ ತಗೊಳ್ಳೋದಾ ಅಂತ ಬಾಯಿಬಿಟ್ಟು ಕೇಳ್ಬಿಟ್ರೆ ಮುಗೀತು ಕಥೆ. ಆಡಿಯೋಫೈಲ್ ಅನ್ನೋ ಸೌಂಡ್ ಹುಚ್ಚಿನ ಮಹಾಶಯರು ಪಂಚೆ ಎತ್ತಿ ಕಟ್ಕೊಂಡು ಬಂದೇಬಿಡ್ತಾರೆ. ಅಯ್ಯೋ ಸಿಡಿನಾ ಸಾರ್, ಅದೇನ್ ಮ್ಯೂಸಿಕ್ಕಾ, ಸೊನ್ನೆ ಒಂದು ಸೊನ್ನೆ ಒಂದು, ಜೀವಾನೇ ಇರಲ್ಲ ಅದ್ರಲ್ಲಿ, ವಿನೈಲ್ ಹಾಕ್ಕೊಂಡು ಕೇಳಿ, ಗಿಟಾರ್ ಸೀದಾ ನಿಮ್ಮ ಪಕ್ಕದ ಕುರ್ಚಿಗೆ ಬಂದು ಕೂತ್ಕೊಳುತ್ತೆ, ಡಿಜಿಟಲ್ ಸೋಕದ ಬೆಚ್ಚನೆ ಸದ್ದು, ಅನಲಾಗ್ ವಾರ್ಮ್ತ್ ಅಂದ್ರೆ ಅದು ಸಾರ್ ಅಂತಾರೆ. ಕೇಳಿದ ಪ್ರಾಣಿ ಮೂರು-ನಾಲ್ಕು ಸಾವಿರ ಕೊಟ್ಟು ಇಂಪೋರ್ಟೆಡ್ ಪ್ಲೇಟು ತರುತ್ತೆ, ಆಮೇಲೆ ಅದನ್ನ ಹಾಕೋಕೆ ಟರ್ನ್‌ಟೇಬಲ್, ಟರ್ನ್‌ಟೇಬಲ್ಲಿನ ಸಣ್ಣ ಸದ್ದು ಏರಿಸೋಕೆ ಫೋನೋ ಪ್ರೀಆಂಪು, ಅದಕ್ಕೊಂದು ಕೇಬಲ್ಲು, ಕೇಬಲ್ಲು ನೆಲಕ್ಕೆ ತಾಗಿದ್ರೆ ಸೌಂಡ್ ಕೆಡುತ್ತೆ ಅಂತ ಅದನ್ನ ಎತ್ತಿ ಹಿಡಿಯೋಕೆ ಸಣ್ಣಸಣ್ಣ ಮರದ ಸ್ಟ್ಯಾಂಡುಗಳು. ತಮಾಷೆ ಮಾಡ್ತಿಲ್ಲ, ಕೇಬಲ್ ಎತ್ತೋ ಸ್ಟ್ಯಾಂಡನ್ನ ನಿಜವಾಗ್ಲೂ ಮಾರ್ತಾರೆ, ನಿಜವಾಗ್ಲೂ ತಗೊಳ್ತಾರೆ. ಮೂಗಿಗಿಂತ ಮೂಗುತಿ ಭಾರ.

ಇರ್ಲಿ, ಈಗ ಈ ಆಲ್ಬಮ್ಮಿನ ಜಾತಕ ಸ್ವಲ್ಪ ನೋಡಣ. ಬಂದಿದ್ದು 1985ರ ಮೇ ತಿಂಗಳು. ರೆಕಾರ್ಡ್ ಆಗಿದ್ದು ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ಅನ್ನೋ ಪುಟ್ಟ ದ್ವೀಪದಲ್ಲಿ, ಬೀಟಲ್ಸ್ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಅಲ್ಲಿ ಕಟ್ಟಿದ್ದ ಏರ್ ಸ್ಟುಡಿಯೋದಲ್ಲಿ. ಯಾವ ಮೆಶೀನಲ್ಲಿ ಹಿಡಿದ್ರು ಅಂದ್ರೆ ಸೋನಿಯವ್ರ 24 ಟ್ರ್ಯಾಕ್ ಡಿಜಿಟಲ್ ಟೇಪ್ ಮೆಶೀನಲ್ಲಿ. ಡಿಜಿಟಲ್! ಆಗ ಸಿಡಿ ಅಂಗಡಿಗೆ ಬಂದು ಮೂರು ವರ್ಷಾನೂ ತುಂಬಿರ್ಲಿಲ್ಲ, ಡಿಜಿಟಲ್ ರೆಕಾರ್ಡಿಂಗ್ ಅಂತ ಹೇಳ್ಕೊಳ್ಳೋದೇ ಒಂದು ಗತ್ತು. ಸೋನಿ ಜೊತೆ ಸೇರಿ ಸಿಡಿ ತಯಾರು ಮಾಡಿದ ಫಿಲಿಪ್ಸ್ ಕಂಪ್ನಿನೇ ಇವ್ರ ವರ್ಲ್ಡ್ ಟೂರಿಗೆ ಸ್ಪಾನ್ಸರ್ ಆಗಿ ನಿಂತ್ಕೊಂಡ್ತು, ಸಿಡಿ ಪ್ಲೇಯರ್ ಮಾರೋಕೆ ಇದಕ್ಕಿಂತ ಒಳ್ಳೆ ಸರಕು ಸಿಗಲ್ಲ ಅಂತ, ಮತ್ತೆ ಸಿಡಿಯಲ್ಲಿ ಹತ್ತು ಲಕ್ಷದ ಗಡಿ ದಾಟಿದ ಮೊದಲನೇ ಆಲ್ಬಮ್ಮೂ ಇದೇ ಆಯ್ತು. ಅಂದ್ರೆ ಕೂಸು ಹುಟ್ಟಿದ್ದೇ ಸೊನ್ನೆ-ಒಂದರ ಹೊಟ್ಟೆಯಿಂದ. ಅದ್ರಲ್ಲಿ ಹೋಗಿ ಅನಲಾಗ್ ಬಿಸಿ ಹುಡುಕ್ತಾರಂತೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ.

ಇನ್ನೂ ಮಜಾ ಇದೆ ತಡೀರಿ. ಸಿಡಿಯಲ್ಲಿ ಈ ಆಲ್ಬಮ್ 55 ನಿಮಿಷ. ಎಲ್‌ಪಿಯ ಒಂದೊಂದು ಸೈಡಲ್ಲಿ 22-23 ನಿಮಿಷದ ಮೇಲೆ ತುರುಕಿದ್ರೆ ಗೀರುಗಳು ಒಂದಕ್ಕೊಂದು ಒತ್ತಿ ಸೌಂಡು ಸಣ್ಣ ಆಗುತ್ತೆ, ಬೇಸ್ ಕಮ್ಮಿ ಆಗುತ್ತೆ. ಹಂಗಾಗಿ 1985ರ ಎಲ್‌ಪಿಗೆ ಹಾಡುಗಳನ್ನೇ ಕತ್ತರಿಸಿ ಸುಮಾರು 47 ನಿಮಿಷಕ್ಕೆ ಇಳಿಸಿದ್ರು. 'ವೈ ವರಿ' ಅನ್ನೋ ಹಾಡು ಸಿಡಿಯಲ್ಲಿ ಎಂಟೂವರೆ ನಿಮಿಷ, ಎಲ್‌ಪಿಯಲ್ಲಿ ಐದೂ ಚಿಲ್ಲರೆ, ಕೊನೇಲಿ ಗಿಟಾರ್ ನಿಧಾನಕ್ಕೆ ಅಲೀತಾ ಹೋಗೋ ಭಾಗ, ಅಂದ್ರೆ ಆ ಹಾಡಲ್ಲಿ ಕಣ್ಣು ಮುಚ್ಕೊಂಡು ಕೇಳ್ಬೇಕಾದ ಭಾಗಾನೇ ಹೆಚ್ಚುಕಮ್ಮಿ ಮಾಯ. ಇವತ್ತು ಆ ಕತ್ತರಿ ಬಿದ್ದ ಮೊದಲನೇ ಪ್ರೆಸ್ಸಿಂಗ್ ಪ್ಲೇಟನ್ನ 'ಒರಿಜಿನಲ್' ಅಂತ ಮುತ್ತಿಟ್ಟು ಇಟ್ಕೊಂಡಿದಾರೆ ಜನ. ಪೂರ್ತಿ ಹಾಡಿರೋ ಹಳೇ ಸಿಡಿ ಸೆಕೆಂಡ್‌ಹ್ಯಾಂಡ್ ರಾಶಿಯಲ್ಲಿ ಕಾಫಿ ತಿಂಡಿ ರೇಟಿಗೆ ಬಿದ್ದಿರುತ್ತೆ, ಯಾರೂ ಮೂಸಲ್ಲ.

ಕಂಪ್ನಿಯವ್ರಿಗೆ ಈ ಕತ್ತರಿ ವಿಷ್ಯ ಗೊತ್ತಿಲ್ವಾ, ಗೊತ್ತು. ಅದಕ್ಕೇ ಆಮೇಲೆ ಎರಡು ಪ್ಲೇಟಿನ ಎಡಿಷನ್ ತಂದ್ರು, 33 ಅಲ್ಲ 45 ಆರ್‌ಪಿಎಮ್ಮು, ಅಂದ್ರೆ ನಿಮಿಷಕ್ಕೆ 45 ಸುತ್ತು, ಜೋರಾಗಿ ತಿರುಗಿದ್ರೆ ಸೌಂಡು ಚೆನ್ನಾಗಿ ಬರುತ್ತೆ ಅನ್ನೋದು ನಿಜಾನೇ, ಅದಕ್ಕೆ ನಾನು ಇಲ್ಲ ಅನ್ನಲ್ಲ. ಆದ್ರೆ ಅದನ್ನ ಹಾಕೋನ ಅವತಾರ ಒಂದ್ಸಲ ಕೂತು ನೋಡ್ಬೇಕು. ಮೊದಲು ಕೈ ತೊಳ್ಕೊಂಡು ಒರೆಸ್ಕೋಬೇಕು. ಕವರಿಂದ ಪ್ಲೇಟು ತೆಗೆಯುವಾಗ ಬೆರಳು ಅಂಚಿಗೆ ಬಿಟ್ಟು ಇನ್ನೆಲ್ಲೂ ತಾಗಬಾರದು, ಪೂರ್ತಿ ಮಡಿ. ಕಾರ್ಬನ್ ಫೈಬರ್ ಬ್ರಶ್ ಹಿಡಿದು ಪ್ಲೇಟು ತಿರುಗ್ತಾ ಇದ್ದಂಗೆ ಧೂಳು ತೆಗೀಬೇಕು. ಪಿನ್ನಿಗೆ ಬೇರೆ ಬ್ರಶ್ಶು, ಅದನ್ನ ಹಿಂದಿನಿಂದ ಮುಂದಕ್ಕೆ ಮಾತ್ರ ಎಳೀಬೇಕು, ಅಡ್ಡ ಎಳೆದ್ರೆ ಹತ್ತಾರು ಸಾವಿರ ಗೋವಿಂದ. ಪುಟ್ಟ ತಕ್ಕಡಿಲಿ ಪಿನ್ನಿನ ಭಾರ ಎರಡು ಗ್ರಾಮೋ ಒಂದು ಮುಕ್ಕಾಲು ಗ್ರಾಮೋ ಅಂತ ತೂಗಬೇಕು, ಗಾರೆಯವರು ಗೋಡೆ ಕಟ್ಟುವಾಗ ಇಡ್ತಾರಲ್ಲ ಅಂಥದೇ ಲೆವೆಲ್ ಗುಳ್ಳೆ ಇಟ್ಟು ಟರ್ನ್‌ಟೇಬಲ್ ಸಮ ಇದ್ಯಾ ನೋಡ್ಬೇಕು. ಇಷ್ಟೆಲ್ಲಾ ಆಗಿ ಪಿನ್ನು ಇಳಿಸಿ ಸೋಫಾದಲ್ಲಿ ಒರಗಿ ಕಣ್ಣು ಮುಚ್ಚಿದ್ರೆ, ಹದಿಮೂರು-ಹದಿನಾಲ್ಕು ನಿಮಿಷಕ್ಕೆ ಸೈಡು ಖಾಲಿ, ಎದ್ದೇಳಪ್ಪಾ ರಾಜ, ತಿರುಗಿಸು. 55 ನಿಮಿಷ ಕುರ್ಚಿ ಬಿಟ್ಟು ಏಳದೆ ಹಾಡು ಕೇಳ್ಲಿ ಅಂತ ಇಂಜಿನಿಯರುಗಳು ತಲೆ ಕೆಡಿಸ್ಕೊಂಡು ಮಾಡಿದ ವಸ್ತು ಒಂದಿದೆ, ಅದ್ರ ಹೆಸರು ಸಿಡಿ ಅಂತ ಆ ಹೊತ್ತಲ್ಲಿ ಹೇಳೋಕೆ ಹೋಗ್ಬೇಡಿ, ಸ್ನೇಹ ಹಾಳಾಗುತ್ತೆ.

ಸರಿ, ಈ ಆಲ್ಬಮ್ ಬಿಡಿ, ನಿಜವಾಗ್ಲೂ ಅನಲಾಗ್ ಟೇಪಲ್ಲಿ ಹಿಡಿದ ಅರವತ್ತು-ಎಪ್ಪತ್ತರ ದಶಕದ ಆಲ್ಬಮ್ಮುಗಳಿವೆಯಲ್ಲ, ಅಲ್ಲಿ ಡಿಜಿಟಲ್ ಸೋಂಕಿದ್ರೆ ಥಟ್ ಅಂತ ಕಂಡುಹಿಡೀತೀವಿ, ನಮ್ದು ಗೋಲ್ಡನ್ ಇಯರ್ಸ್, ಚಿನ್ನದ ಕಿವಿ ಅಂತ ಇದೇ ಆಡಿಯೋಫೈಲ್‌ಗಳು ಮೀಸೆ ತಿರುವ್ತಿದ್ರು. ಅಮೆರಿಕದಲ್ಲಿ ಮೊಬೈಲ್ ಫಿಡೆಲಿಟಿ ಅಂತ ಕಂಪ್ನಿ, ಪ್ರೀತಿಯಿಂದ ಮೋಫೈ ಅಂತಾರೆ, ಅವ್ರ 'ಒನ್-ಸ್ಟೆಪ್' ಅನ್ನೋ ಸರಣಿಯ ಒಂದೊಂದು ಪ್ಲೇಟಿಗೆ ಆಗ ನೂರು ನೂರಿಪ್ಪತ್ತೈದು ಡಾಲರು. ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್ ಅಂತ ಕವರಿನ ನೆತ್ತಿ ಮೇಲೆ ಪಟ್ಟಿ. ಭಕ್ತರು ಇದಪ್ಪಾ ಶುದ್ಧ ಅನಲಾಗ್ ಅಂದ್ರೆ ಅಂತ ಕಣ್ಣೀರು ಹಾಕ್ಕೊಂಡು ಕೇಳಿದ್ರು. 2022ರ ಜುಲೈನಲ್ಲಿ ಅರಿಝೋನಾದ ಫೀನಿಕ್ಸ್ ಊರಿನ ಒಬ್ಬ ರೆಕಾರ್ಡ್ ಅಂಗಡಿಯವನು ವಿಡಿಯೋ ಹಾಕ್ದ: ಸ್ವಾಮಿ, ಮಧ್ಯದಲ್ಲಿ ಡಿಜಿಟಲ್ ಫೈಲ್ ಇದೆಯಂತೆ. ಮೊದಲು ಅವನ ಮೇಲೇ ಬಿದ್ರು. ಆಮೇಲೆ ಕಂಪ್ನಿಯ ಇಂಜಿನಿಯರುಗಳೇ ಕ್ಯಾಮೆರಾ ಮುಂದೆ ಕೂತು ಹೌದಪ್ಪಾ, ಟೇಪನ್ನ ಡಿಎಸ್‌ಡಿ ಅನ್ನೋ ಡಿಜಿಟಲ್ ಫೈಲಿಗೆ ಇಳಿಸ್ಕೊಂಡು ಅದರಿಂದ ಪ್ಲೇಟು ಕೊರೀತಿದೀವಿ ಅಂದ್ರು. ಯಾವಾಗಿಂದ ಅಂತ ನೋಡಿದ್ರೆ 2011ರಿಂದ! ಹತ್ತು ವರ್ಷದ ಮೇಲಾಯ್ತು, ಒಂದು ಚಿನ್ನದ ಕಿವಿಗೂ ಗೊತ್ತಾಗ್ಲಿಲ್ಲ. ಹತ್ತು ವರ್ಷ ಕಿವಿಗೆ ಹೂವ ಮುಡಿಸಿದಾರೆ, ಇವ್ರು ಆಹಾ ಏನು ಘಮ ಅಂದ್ಕೊಂಡು ಓಡಾಡಿದಾರೆ.

ಅಲ್ಲಿಗಾದ್ರೂ ನಾಚ್ಕೊಂಡು ಸುಮ್ನಾಗ್ಬೋದಿತ್ತು. ಇಲ್ಲ, ಕೋರ್ಟಿಗೆ ಹೋದ್ರು. ಕೇಸು ರಾಜಿ ಆಗಿ, ಪ್ಲೇಟು ವಾಪಸ್ ಕೊಟ್ರೆ ಪೂರ್ತಿ ದುಡ್ಡು ವಾಪಸ್, ಇಟ್ಕೊಂಡ್ರೆ ಚೂರುಪಾರು ರಿಯಾಯಿತಿ ಅಂತ ಇತ್ಯರ್ಥ. ನಿನ್ನೆವರೆಗೂ ಸ್ವರ್ಗ ತೋರಿಸ್ತಿದ್ದ ಪ್ಲೇಟು, ಗೀರು ಅದೇ, ಪಿನ್ನು ಅದೇ, ಕಿವಿನೂ ಅದೇ, ಸುದ್ದಿ ಓದಿದ್ಮೇಲೆ ಮಾತ್ರ 'ನಂಗೆ ಮೊದಲಿಂದ್ಲೂ ಏನೋ ಸ್ವಲ್ಪ ಡ್ರೈ ಅನ್ನಿಸ್ತಿತ್ತು ಮಗಾ' ಅನ್ನೋ ಗಿರಾಕಿಗಳು ಹುಟ್ಕೊಂಡ್ರು ನೋಡಿ, ಅವ್ರಿಗೆ ಬೇರೆ ಮೆಡಲ್ ಕೊಡ್ಬೇಕು.

ಹಂಗಂತ ಸಿಡಿ ಪಾರ್ಟಿಯವ್ರು ಸಾಚಾ ಅನ್ಕೋಬೇಡಿ. ಸಿಡಿ ಅಂಚಿಗೆ ಹಸಿರು ಮಾರ್ಕರ್ ಪೆನ್ನಲ್ಲಿ ಬಳಿದ್ರೆ ಲೇಸರ್ ಬೆಳಕು ಚೆಲ್ಲಲ್ಲ, ಹಾಡು ಸ್ವಚ್ಛ ಆಗುತ್ತೆ ಅಂತ 1990ರ ಸುಮಾರಿಗೆ ಮಕ್ಕಳ ಡ್ರಾಯಿಂಗ್ ಕ್ಲಾಸ್ ಥರ ಕೂತು ಬಳಿದೋರು ಇವ್ರೇ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಬಿಟ್ರೆ ಬೇರೇನೂ ಇಲ್ಲದ ಸಿಡಿಯ ಅಯಸ್ಕಾಂತ ಶಕ್ತಿ ಇಳಿಸೋಕೆ ಅಂತ ಮೆಶೀನು ತಗೊಂಡೋರೂ ಇದಾರೆ. ಇನ್ನು ಕಂಪ್ನಿಗಳು ಮಾಡಿದ್ದಂತೂ ಕೇಳ್ಲೇಬೇಡಿ. ಸಿಡಿಯಲ್ಲಿ ಮೆಲ್ಲಗಿನ ಸದ್ದಿಗೂ ಜೋರು ಸದ್ದಿಗೂ ಮಧ್ಯೆ 96 ಡೆಸಿಬೆಲ್ ಜಾಗ ಇದೆ, ಎಲ್‌ಪಿಗಿಂತ ಎಷ್ಟೋ ಜಾಸ್ತಿ, ಅಷ್ಟು ದೊಡ್ಡ ಬಂಗಲೆ ಕೊಟ್ರೆ ಇವ್ರು ಎಲ್ಲ ಸಾಮಾನನ್ನೂ ತಾರಸಿಗೇ ಹೊತ್ಕೊಂಡು ಹೋದ್ರು, ಹಾಡಿಡೀ ಒಂದೇ ಸಮ ಕಿರುಚಾಟ. 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಸಿಡಿ ಎಷ್ಟು ಒಡಕಾಗಿತ್ತು ಅಂದ್ರೆ, ಗಿಟಾರ್ ಹೀರೋ ಅನ್ನೋ ವಿಡಿಯೋ ಗೇಮಲ್ಲಿ ಅದೇ ಹಾಡು ಇದಕ್ಕಿಂತ ಚೆನ್ನಾಗಿದೆ ಅಂತ ಫ್ಯಾನುಗಳೇ ಸಾವಿರಗಟ್ಟಲೆ ಸಹಿ ಹಾಕಿ ಮತ್ತೆ ಮಾಡ್ಕೊಡಿ ಅಂತ ಅರ್ಜಿ ಕೊಟ್ರು. ಎಷ್ಟೋ ಆಲ್ಬಮ್ಮು ಎಲ್‌ಪಿಯಲ್ಲಿ ಚೆನ್ನಾಗಿ ಕೇಳಿಸೋದು ಇದಕ್ಕೇ ಹೊರತು ಪ್ಲೇಟಿನ ಮಹಿಮೆಯಿಂದಲ್ಲ, ಮಾಸ್ಟರಿಂಗ್, ಅಂದ್ರೆ ಅಚ್ಚಿಗೆ ಹೋಗೋ ಮುಂಚೆ ಸದ್ದು ಹದ ಮಾಡೋ ಕೆಲಸ, ಮಾಡಿದ ಪುಣ್ಯಾತ್ಮ ಸೌಂಡಿನ ಗುಂಡಿಯ ಮೇಲೆ ಎಷ್ಟು ಕೈ ಇಟ್ಟಿದ್ದ ಅನ್ನೋದ್ರಿಂದ. ಹಂಗಾಗಿ ನನ್ನ ಕೇಳಿದ್ರೆ 'ಬ್ರದರ್ಸ್ ಇನ್ ಆರ್ಮ್ಸ್' ವಿಷಯಕ್ಕೆ ಆ 1985ರ ಹಳೇ ಸಿಡಿ ಸಿಕ್ಕಿದ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ, ಆಮೇಲಿನ ರಿಮಾಸ್ಟರ್ ಹಿಂದೆ ಬೀಳ್ಬೇಡಿ. ಆದ್ರೆ ನನ್ನ ಯಾರು ಕೇಳ್ತಾರೆ.

ಬೆಂಗಳೂರಲ್ಲಿ ನಮ್ಮ ವಯಸ್ಸಿನ ಎಷ್ಟೋ ಜನ ಈ ಹಾಡುಗಳನ್ನ ಮೊದಲು ಕೇಳಿದ್ದು ಯಾರೋ ಯಾರಿಂದ್ಲೋ ಕಾಪಿ ಹೊಡೆದ ಕ್ಯಾಸೆಟ್ಟಲ್ಲಿ, ಹಾಡಿಗಿಂತ ಸುಯ್ ಅನ್ನೋ ಸದ್ದೇ ಜೋರು, ಆದ್ರೂ 2005ರಲ್ಲಿ ಡೈರ್ ಸ್ಟ್ರೇಟ್ಸ್‌ನ ಹಾಡುಗಾರ, ಗಿಟಾರಿಸ್ಟ್ ಮಾರ್ಕ್ ನಾಫ್ಲರ್ ಇಲ್ಲಿ ಬಂದು ನುಡಿಸಿದಾಗ ಹಾಡು ಬಾಯಿಪಾಠ ಇತ್ತು. ಅದೇ ಜನ ಈಗ ಇಎಂಐ ಕಟ್ಕೊಂಡು ಟರ್ನ್‌ಟೇಬಲ್ಲಿನ ಪಿನ್ನು ಕೂರೋ ಕಾರ್ಟ್ರಿಜ್ ಬದಲಾಯಿಸ್ತಿದಾರೆ.

ವ್ಯಾಪಾರ ಮಾತ್ರ ಜೋರು. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ಎಲ್‌ಪಿ, 3.3 ಕೋಟಿ ಸಿಡಿ ಮಾರಾಟ ಆಯ್ತು, ಸಂಖ್ಯೆಯಲ್ಲಿ ಎಲ್‌ಪಿ ಸಿಡಿನ ಹಿಂದೆ ಹಾಕಿದ್ದು 1987ರ ನಂತರ ಅದೇ ಮೊದಲು. ಹಂಗೆ ಪ್ಲೇಟು ತಗೊಳ್ಳೋರಲ್ಲಿ ಕೆಲವರನ್ನ, ಸಂಗೀತ ಮಾರಾಟದ ಲೆಕ್ಕ ಇಡೋ ಲ್ಯೂಮಿನೇಟ್ ಅನ್ನೋ ಕಂಪ್ನಿ ವಿಚಾರಿಸಿದಾಗ ಗೊತ್ತಾಗಿದ್ದು, ಅರ್ಧ ಜನರ ಹತ್ರ ರೆಕಾರ್ಡ್ ಪ್ಲೇಯರ್ರೇ ಇಲ್ಲ. ನೋಡಿ, ಇವ್ರೇ ನಿಜವಾದ ಬುದ್ಧಿವಂತರು. ಪಿನ್ನು ಸವೆಯೋ ಚಿಂತೆ ಇಲ್ಲ, ಧೂಳಿಲ್ಲ, ಸೈಡು ತಿರುಗಿಸೋ ಗೋಳಿಲ್ಲ, ಹಾಡು ಬೇಕಾದ್ರೆ ಫೋನಲ್ಲಿ ಕೇಳ್ಕೋತಾರೆ. ನಾಲ್ಕು ವರ್ಷ ಬಿಟ್ಟು 'ಸೀಲ್ ಒಡೆದಿಲ್ಲ, ಮಿಂಟ್ ಕಂಡೀಷನ್' ಅಂತ ಡಬಲ್ ರೇಟಿಗೆ ಮಾರ್ತಾರೆ, ಕೊಂಡೋನೂ ಸೀಲ್ ಒಡೆದ್ರೆ ರೇಟ್ ಬೀಳುತ್ತೆ ಅಂತ ಒಡೆಯಲ್ಲ, ಅವನು ಇನ್ನೊಬ್ಬನಿಗೆ ಮಾರ್ತಾನೆ, ಆ ಇನ್ನೊಬ್ಬ ಅದನ್ನ ಫ್ರೇಮ್ ಹಾಕಿಸಿ ಗೋಡೆಗೆ ನೇತಾಕಿ, ಬಂದ ನೆಂಟರಿಗೆಲ್ಲ ಇದ್ರ ಅನಲಾಗ್ ವಾರ್ಮ್ತ್ ಬಗ್ಗೆ ಭಾಷಣ ಬಿಗೀತಾನೆ, ಒಳಗಿರೋದು ಪ್ಲೇಟೋ ದೋಸೆ ಕಾವಲಿಯೋ ಅಂತ ಒಬ್ಬನೂ ಬಿಚ್ಚಿ ನೋಡಿರಲ್ಲ.