ಮಂಗಾ ಹಿಟಿಯ ನೀರು, ನಮ್ಮೂರ ಕಲ್ಯಾಣಿಯ ಬೀಗ

ನಾನು ಕೆಲಸದ ಮೇಲೆ ನೇಪಾಳದ ಪಾಟನ್‌ಗೆ ಬಂದು ಮೂರು ವರ್ಷವಾಯಿತು. ಊರಿಂದ ಬರುವ ನೆಂಟರಿಗೆಲ್ಲ ಮೊದಲು ಹಿಮ ಕಾಣಬೇಕು. ನಗರಕೋಟ್‌ಗೆ ಕರೆದೊಯ್ದು ಸೂರ್ಯೋದಯ ತೋರಿಸುತ್ತೇನೆ, ಮನಸ್ಸು ತುಂಬುತ್ತದೆ. ಆದರೆ ನಾನು ತೋರಿಸಲೇಬೇಕೆಂದುಕೊಳ್ಳುವುದು ಪಾಟನ್ ಅರಮನೆ ಚೌಕದ ಪಕ್ಕದ ಮಂಗಾ ಹಿಟಿಯನ್ನು.

ಹಿಟಿ ಎಂದರೆ ಇಲ್ಲಿನ ಮೂಲನಿವಾಸಿಗಳಾದ ನೇವಾರರ ಮಾತಿನಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಕಟ್ಟಿದ ಕಲ್ಲಿನ ನೀರ್ದಾಣ. ಮೆಟ್ಟಿಲಿಳಿದರೆ ಮೂರು ಮಕರಗಳು ಬಾಯಿಂದ ನೀರು ಸುರಿಸುತ್ತಿರುತ್ತವೆ. ಸುರುಳಿ ಸುತ್ತಿ ಮೇಲೆದ್ದ ಆ ಸೊಂಡಿಲು ನೋಡಿದರೆ ಬೇಲೂರು, ಹಳೇಬೀಡು ಕಂಡವರಿಗೆ ಪರಿಚಯದ ಮುಖ ಸಿಕ್ಕಂತಾಗುತ್ತದೆ. ಕಟ್ಟಿದ್ದು ಕ್ರಿ.ಶ. 570ರಲ್ಲಿ, ಇಲ್ಲಿ ಆಳಿದ ಲಿಚ್ಛವಿ ಅರಸರ ಕಾಲದಲ್ಲಿ. ಇವತ್ತೂ ಜನ ಅಲ್ಲಿ ಬಿಂದಿಗೆ, ಕ್ಯಾನು ಸಾಲಾಗಿಟ್ಟು ಸರದಿ ಕಾಯುತ್ತಾರೆ. ಎಡಬಲದ ಎರಡು ಮಂಟಪಗಳು 2015ರ ಭೂಕಂಪದಲ್ಲಿ ಕುಸಿದಿದ್ದವು. ಮತ್ತೆ ಎದ್ದು ನಿಂತಿವೆ, ಮುದುಕರು ಮತ್ತೆ ಅಲ್ಲೇ ಕೂತು ಹರಟುತ್ತಾರೆ.

ಇದು ಉಳಿದದ್ದು ಹೇಗೆಂದರೆ, ಇಂಥವನ್ನು ನೋಡಿಕೊಳ್ಳಲು ಇಲ್ಲಿ ಗುಠಿ ಎಂಬ ಸಮುದಾಯದ ಕೂಟಗಳಿವೆ. ದೇವರ ದೀಪದ ಎಣ್ಣೆ, ಜಾತ್ರೆಯ ವಾದ್ಯ, ಸತ್ತವರ ಕ್ರಿಯೆ, ಇವೆಲ್ಲ ಒಂದೊಂದು ಗುಠಿಯ ಹೊಣೆ. ಖರ್ಚಿಗೆ ದತ್ತಿಯ ಜಮೀನು, ಕೆಲಸಕ್ಕೆ ಮನೆಮನೆಯ ಸರದಿ. 2019ರಲ್ಲಿ ಸರ್ಕಾರ ಗುಠಿಗಳನ್ನು ತನ್ನ ಹಿಡಿತಕ್ಕೆ ತರುವ ಮಸೂದೆ ಮಂಡಿಸಿದಾಗ ಸಾವಿರಾರು ಜನ ಕಠ್ಮಂಡುವಿನ ಬೀದಿಗಿಳಿದರು, ಮಸೂದೆ ಹಿಂದೆ ಹೋಯಿತು. ನಮ್ಮಲ್ಲೂ ಕೆರೆ ನೋಡಿಕೊಳ್ಳುವವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ದತ್ತಿ ಜಮೀನು ಬಿಡುತ್ತಿದ್ದರೆಂದು ಶಾಸನಗಳು ಹೇಳುತ್ತವೆ. ಆ ಪದಗಳು ಈಗ ನಿಘಂಟಿನಲ್ಲಿವೆ. ನಮ್ಮೂರ ಕಲ್ಯಾಣಿಗೆ ಕಬ್ಬಿಣದ ಗ್ರಿಲ್ಲು, ಬೀಗ, ಒಂದು ಬೋರ್ಡು. ಒಳಗೆ ಪಾಚಿ. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬೀಗ ಹಾಕಿ ಕಾಯುವುದನ್ನೇ ನಾವು ರಕ್ಷಣೆ ಅಂದುಕೊಂಡಿದ್ದೇವೆ, ಅದು ತಪ್ಪು.

ಅಡುಗೆಯಲ್ಲೂ ಅದೇ. ಮಾರ್ಗಶಿರದ ಹುಣ್ಣಿಮೆಗೆ ಪಕ್ಕದ ಮನೆಯ ದಿದಿ ಯೋಮರಿ ಕೊಟ್ಟುಕಳಿಸುತ್ತಾರೆ. ಹೊಸ ಅಕ್ಕಿಯ ಹಿಟ್ಟನ್ನು ಎಣ್ಣೆಗೈಯಲ್ಲಿ ತಿರುಗಿಸುತ್ತ ಚೂಪಾದ ಬಾಲ ಎಳೆದು, ಒಳಗೆ ಚಾಕು ಎಂಬ ಕಪ್ಪು ಬೆಲ್ಲವನ್ನೂ ಎಳ್ಳನ್ನೂ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಬಾಲ ಉದ್ದವಾದಷ್ಟೂ ಚಳಿ ಬೇಗ ಮುಗಿಯುತ್ತದಂತೆ. ಕಚ್ಚಿದರೆ ಬೆಲ್ಲ ಬೆರಳಿಗಿಳಿಯುತ್ತದೆ, ಅಮ್ಮನ ಸಿಹಿಗಡುಬಿನ ಹಾಗೇ. ಈ ಮನೆಯಲ್ಲಿ ಹದಿಹರೆಯದ ಹುಡುಗನೂ ಬಾಲ ಎಳೆಯಲು ಕೂರುತ್ತಾನೆ. ನನ್ನ ಮಗನಿಗೆ ಕಡುಬು ಕಟ್ಟಲು ನಾನಿನ್ನೂ ಕಲಿಸಿಲ್ಲ.

ಕಳೆದ ದಸರೆಯ ರಜೆಗೆ ದೊಡ್ಡಪ್ಪ ಬಂದಿದ್ದರು. ಹಿಟಿಯ ಮೆಟ್ಟಿಲನ್ನು ಗೋಡೆ ಹಿಡಿದು ಇಳಿದರು, ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಹಾಕಿಕೊಂಡರು. ಪಂಚೆಯ ತುದಿಯಲ್ಲಿ ಒರೆಸಿಕೊಳ್ಳುತ್ತ ಕೇಳಿದರು: "ಅಲ್ಲೋ, ನಮ್ ಕಲ್ಯಾಣಿ ಬೀಗದ ಕೈ ಯಾರತ್ರ ಇದೆ?"

ಊರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದೇನೆ.