ಒಬ್ಬರ ಬಡಿತ ಎರಡೂ ಕಡೆ ಹಾಕಬ್ಯಾಡ್ರಿ

ನಿನ್ನೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ಪ್ರದರ್ಶನ ನೋಡಿ ಬಂದೆ. ಇಸಿಜಿ ನೋಡಿ ಬಡಿತದ ದೋಷ ಗುರುತಿಸಲು ಕಂಪ್ಯೂಟರಿಗೆ ಕಲಿಸಿದವರು, ಅಂದರೆ ಮಷೀನ್ ಲರ್ನಿಂಗ್ ಮಾಡಿದವರು, ಬಹಳ. ಒಂದು ಪೋಸ್ಟರ್ ಮೇಲೆ 99.1, ಪಕ್ಕದ್ದರ ಮೇಲೆ 99.4, ಅದರಾಚೆ 98.9. "ಸರ, ಅಕ್ಯುರಸಿ ಭಾಳ ಛಲೋ ಬಂದೈತ್ರಿ" ಅಂತ ಖುಷಿಯಿಂದ ಹೇಳುತ್ತಿದ್ದರು. "ಟೆಸ್ಟ್‌ನಾಗ ಎಷ್ಟ ಮಂದಿ ಅದಾರಪಾ?" ಅಂತ ಕೇಳಿದರೆ "ಇಪ್ಪತ್ತು ಸಾವಿರ ಬಡಿತ ಅದಾವ್ರಿ" ಅಂದರು. ಟೆಸ್ಟ್ ಅಂದರೆ ಕಲಿತ ಮಾಡೆಲ್ಲನ್ನು ಪರೀಕ್ಷಿಸುವ ಪಾಲು. ನಾನು ಕೇಳಿದ್ದು ಅದರಲ್ಲಿನ ಮಂದಿಯ ಲೆಕ್ಕ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹುಡುಗರ ಮೇಲೆ ಸಿಟ್ಟಿಲ್ಲ. ನಾಲ್ಕು ವರ್ಷದಲ್ಲಿ ಈ ಒಂದು ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಲಿಲ್ಲವಲ್ಲ, ಆ ಸಂಕಟ.

ಎಲ್ಲರೂ ಬಳಸಿದ್ದು ಎಂಐಟಿ-ಬಿಐಎಚ್ ಅರಿದ್ಮಿಯಾ (ಲಯ ತಪ್ಪಿದ ಬಡಿತ) ಡೇಟಾಬೇಸ್. ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1975ರಿಂದ 1979ರ ನಡುವೆ ತೆಗೆದದ್ದು. ಅರ್ಧ ತಾಸಿನ 48 ರೆಕಾರ್ಡ್, ಸೆಕೆಂಡಿಗೆ 360 ಸ್ಯಾಂಪಲ್ (ಅಳತೆ), ಒಂದು ಲಕ್ಷಕ್ಕೂ ಹೆಚ್ಚು ಬಡಿತಗಳಿಗೆ ತಜ್ಞರು ಕೂತು ಹಾಕಿದ ಗುರುತು. ಬಂಗಾರದಂಥ ಡೇಟಾ. ಆದರೆ ಆ ಲಕ್ಷ ಬಡಿತವೂ ಬಂದದ್ದು 47 ಮಂದಿಯ ಎದೆಯಿಂದ.

ಈಗ ಲೆಕ್ಕ ಹಾಕಿ. ನಿಮಿಷಕ್ಕೆ 75 ಬಡಿತ ಅಂದರೆ ಅರ್ಧ ತಾಸಿಗೆ 2,250. ಎಲ್ಲರ ಬಡಿತ ಒಂದೇ ರಾಶಿಗೆ ಸುರಿದು, ಕಲಸಿ, 80:20 ಅಂತ ಪಾಲು ಮಾಡಿದರೆ ಅದೇ ಮನುಷ್ಯನ ಸುಮಾರು 1,800 ಬಡಿತ ಟ್ರೇನಿಂಗ್‌ಗೆ ಹೋಗುತ್ತವೆ, 450 ಟೆಸ್ಟ್‌ಗೆ. ಕ್ಯುಆರ್‌ಎಸ್ (ಬಡಿತದ ಗೆರೆಯಲ್ಲಿನ ಚೂಪು ಏರಿಳಿತ) ಆಕಾರ ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತದೆ, ಒಬ್ಬರದೇ ಅಕ್ಕಪಕ್ಕದ ಎರಡು ಬಡಿತ ಮಾತ್ರ ಅವಳಿ ಮಕ್ಕಳ ಹಾಗೆ. ಹಾಗಾಗಿ ಮಾಡೆಲ್ ಕಲಿಯುವುದು ಆ 47 ಮಂದಿಯ ಗುರುತನ್ನು. 48ನೆಯವರು ಬಂದು ಕೂತರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಆಸ್ಪತ್ರೆಗೆ ಬರುವವರೆಲ್ಲ 48ನೆಯವರೇ ಅಲ್ಲವೇ?

ಸರಿಯಾದ ದಾರಿ ಹೊಸದೂ ಅಲ್ಲ. 2004ರಲ್ಲೇ ಸಂಶೋಧಕ ಡಿ ಶಜಾಲ್ ಮತ್ತು ಸಂಗಡಿಗರು ಪೇಸ್‌ಮೇಕರ್ ಇರುವ 4 ರೆಕಾರ್ಡ್ (102, 104, 107, 217) ತೆಗೆದು, ಉಳಿದ 44ನ್ನು 22-22 ಮಾಡಿ, ಒಂದು ಪಾಲಿನಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷೆ ಮಾಡಿದರು. ಹೃದಯದ ಮೇಲಿನ ಕೋಣೆಗಳಿಂದ ಬರುವ ಅಕಾಲ ಬಡಿತ, ಅಂದರೆ ಎಸ್ ವರ್ಗ, ಹಿಡಿದದ್ದು ನೂರಕ್ಕೆ 75.9. ಮಾಡೆಲ್ "ಇದು ಎಸ್" ಅಂದಾಗ ಅದು ನಿಜವಾಗಿದ್ದದ್ದು ನೂರಕ್ಕೆ 38.5 ಸಲ ಮಾತ್ರ. ಆ ಅಂಕಿಗಳನ್ನು ಅವರು ಇದ್ದ ಹಾಗೇ ಬರೆದರು. ಅವರ ವಿಂಗಡಣೆಯಲ್ಲೂ ಒಂದು ಬಿರುಕು ಉಳಿದಿದೆ: 201 ಮತ್ತು 202 ಒಬ್ಬರದೇ ರೆಕಾರ್ಡ್, ಒಂದು ಆ ಕಡೆ, ಒಂದು ಈ ಕಡೆ ಬಿದ್ದಿವೆ. ಅದನ್ನೇ ನಕಲು ಮಾಡುವವರು ಇವೆರಡನ್ನೂ ಒಂದೇ ಕಡೆ ಇಡಬೇಕು.

"ಸರ, ಜರ್ನಲ್ ಪೇಪರ್‌ನಾಗೂ ಹಂಗ ಮಾಡ್ಯಾರ್ರಿ" ಅಂತ ಒಬ್ಬ ಹುಡುಗ ಹೇಳಿದ. ಮಾಡಿದ್ದಾರೆ, ಸುಳ್ಳಲ್ಲ. ಅಚ್ಚಾದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಯಂತ್ರವನ್ನು ಒಬ್ಬ ರೋಗಿಗೇ ಹಚ್ಚಿ, ಅವರ ಮೊದಲ ಐದು ನಿಮಿಷಕ್ಕೆ ಡಾಕ್ಟರು ಗುರುತು ಹಾಕಿ, ಮಾಡೆಲ್ಲನ್ನು ಅವರಿಗೇ ಹೊಂದಿಸುವ ಪದ್ಧತಿಯೂ ಇದೆ. ಅಲ್ಲಿ ಅದೇ ಮನುಷ್ಯರ ಬಡಿತ ಬಳಸುವುದು ನ್ಯಾಯವೇ. ಆದರೆ ಪೋಸ್ಟರ್ ಮೇಲೆ ಇದ್ದದ್ದು "ಹಳ್ಳಿ ಆರೋಗ್ಯ ಕೇಂದ್ರಕ್ಕೆ ಹೃದ್ರೋಗ ಪತ್ತೆ ಯಂತ್ರ". ಅಲ್ಲಿ ಮುಂಚಿತವಾಗಿ ಯಾರ ಬಡಿತಕ್ಕೂ ಯಾರೂ ಗುರುತು ಹಾಕಿರುವುದಿಲ್ಲ.

ಒಟ್ಟು ಅಕ್ಯುರಸಿ ಎಂಬ ಅಂಕಿಯನ್ನೂ ಬಿಡಬೇಕು. ಆ 44 ರೆಕಾರ್ಡ್‌ಗಳಲ್ಲಿ ನೂರಕ್ಕೆ ಸುಮಾರು 89 ಬಡಿತ ಎನ್ ವರ್ಗದವು, ಅಂದರೆ ನಾರ್ಮಲ್ ಎಂದು ಎಣಿಸುವವು. ಏನೂ ಕಲಿಯದೆ ಎಲ್ಲದಕ್ಕೂ "ನಾರ್ಮಲ್" ಅನ್ನುವ ಒಂದು ಸಾಲಿನ ಪ್ರೋಗ್ರಾಂಗೂ 89 ಸಿಗುತ್ತದೆ. ಎಸ್‌ಗೆ ಬೇರೆ, ವಿ‌ಗೆ ಬೇರೆ ಅಂಕಿ ಬರೆಯಿರಿ (ವಿ ಅಂದರೆ ಹೃದಯದ ಕೆಳಗಿನ ಕೋಣೆಗಳಿಂದ ಹುಟ್ಟುವ ಬಡಿತ). ಕಡಿಮೆ ಇರುವ ವರ್ಗದ ಬಡಿತ ಹೆಚ್ಚಿಸಲು ಸ್ಮೋಟ್ (ಇದ್ದ ಬಡಿತಗಳಿಂದ ಕೃತಕ ಬಡಿತ ಹುಟ್ಟಿಸುವ ವಿಧಾನ) ಹಚ್ಚುವುದಿದ್ದರೆ ಪಾಲು ಮಾಡಿದ ಮೇಲೆ, ಟ್ರೇನಿಂಗ್ ಪಾಲಿಗೆ ಮಾತ್ರ. ಮೊದಲೇ ಹಚ್ಚಿದರೆ ಟೆಸ್ಟ್‌ನ ಬಡಿತದಿಂದ ಹುಟ್ಟಿದ ಕೃತಕ ಬಡಿತ ಟ್ರೇನಿಂಗ್‌ಗೆ ನುಸುಳುತ್ತದೆ. ಮತ್ತೆ ಅದೇ ರೋಗ: ಒಬ್ಬರೇ ಎರಡೂ ಕಡೆ.

ಯಂತ್ರದ ಕಡೆಯೂ ಹೇಳಲೇಬೇಕು. ಮೇಜಿನ ಮೇಲೆ ಇಸಿಜಿ ಹಿಡಿಯುವ ಎಡಿ8232 ಬೋರ್ಡ್, ಅದನ್ನು ಓದುವ ಪುಟ್ಟ ಕಂಪ್ಯೂಟರ್ ಇಎಸ್‌ಪಿ32, ಮೂರು ಎಲೆಕ್ಟ್ರೋಡ್. ಕೋಡ್‌ನಲ್ಲಿ ಕರೆಂಟಿನ ಗದ್ದಲ ತೆಗೆಯುವ ನಾಚ್ ಫಿಲ್ಟರ್ 60 ಹರ್ಟ್ಜ್‌ಗೆ! ಅದು ಅಮೆರಿಕದ ಕರೆಂಟ್. ನಮ್ಮದು 50. ಹಾಗಾಗಿ ಗುಂಯ್ ಅನ್ನುವ ಗದ್ದಲ ಪೂರ್ತಿ ಒಳಗೇ ಉಳಿದಿತ್ತು. ಬೋರ್ಡಿನಿಂದ ಲ್ಯಾಪ್‌ಟಾಪ್‌ಗೆ ಅಂಕಿ ಕಳಿಸುವ ಸೀರಿಯಲ್ ವೇಗ ಸೆಕೆಂಡಿಗೆ 9600 ಬಿಟ್, ಒಂದು ಅಕ್ಷರಕ್ಕೆ 10 ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ. ನಾಲ್ಕಂಕಿಯ ಒಂದು ಸ್ಯಾಂಪಲ್‌ಗೆ ಸಾಲು ಮುಗಿಸುವ ಎರಡು ಅಕ್ಷರ ಸೇರಿ 6. ಹೆಚ್ಚೆಂದರೆ 160 ಸ್ಯಾಂಪಲ್ ಹೋದೀತು. 360ರಲ್ಲಿ ಕಲಿತ ಮಾಡೆಲ್‌ಗೆ 100 ಮಿಲಿಸೆಕೆಂಡಿನ ಕ್ಯುಆರ್‌ಎಸ್ ಅಂದರೆ 36 ಸ್ಯಾಂಪಲ್. ಇಲ್ಲಿ ಬರುವುದು 16. ಅಗಲವಾದ ವಿ ಬಡಿತ ಅದರ ಕಣ್ಣಿಗೆ ಸಪೂರಾಗಿ ಕಾಣುತ್ತದೆ. ವೇಗ 115200ಕ್ಕೆ ಏರಿಸಿ, ಕೋಡನ್ನು ಕಾಯಿಸುವ ಡಿಲೇ ಬಿಟ್ಟು, ಸರಿಸಮ ಅಂತರಕ್ಕೆ ಎಚ್ಚರಿಸುವ ಟೈಮರ್ ಇಂಟರಪ್ಟ್‌ನಿಂದ ಸ್ಯಾಂಪಲ್ ತೆಗೆಯಿರಿ. ವೈ-ಫೈ ಹಚ್ಚಿದ್ದರೆ ಸಿಗ್ನಲ್ಲನ್ನು ಅಂಕಿ ಮಾಡುವ ಎರಡು ಭಾಗಗಳಲ್ಲಿ ಎಡಿಸಿ1ರ ಪಿನ್ನನ್ನೇ ಬಳಸಿ, ಎಡಿಸಿ2 ಆಗ ಕೆಲಸಕ್ಕೆ ಬರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ: ಗದ್ದಲವೂ ತಗ್ಗುತ್ತದೆ, ಎದೆಗೆ ತಂತಿ ಹಚ್ಚಿಕೊಂಡವರ ಜೀವಕ್ಕೂ ಅದೇ ಕ್ಷೇಮ. ವಿಜಯಪುರದ ಮೇ ತಿಂಗಳ ಬಿಸಿಲಲ್ಲಿ ಒಡೆದಿಟ್ಟ ಪಾಕೀಟಿನ ಎಲೆಕ್ಟ್ರೋಡ್ ಜೆಲ್ ಒಣಗಿ ಹೋಗುತ್ತದೆ. ಚರ್ಮದ ಬೆವರನ್ನು ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ಹೊಸದನ್ನು ಅಂಟಿಸಿ. ಇಲ್ಲದಿದ್ದರೆ ಗೆರೆ ಮೇಲೆ ಕೆಳಗೆ ತೇಲುತ್ತದೆ, ಮಾಡೆಲ್ ಅದನ್ನೇ ರೋಗ ಅನ್ನುತ್ತದೆ.

"ಸ್ಟೂಡೆಂಟ್ ಪ್ರಾಜೆಕ್ಟ್ ಅಲ್ಲೇನ್ರಿ, ಬಿಡ್ರಿ" ಅಂದರು ಒಬ್ಬ ಹಿರಿಯರು. ಬಿಡಲು ಆಗುವುದಿಲ್ಲ. ಜಮಖಂಡಿ ಕಡೆಯ ಒಂದು ಹಳ್ಳಿಯಲ್ಲಿ ಶಿಬಿರ ಅಂತ ಇಟ್ಟುಕೊಳ್ಳಿ. 1,000 ಮಂದಿ, ಅದರಲ್ಲಿ ನಿಜವಾಗಿ ರೋಗ ಇರುವವರು 10. ರೋಗ ಇದ್ದವರಲ್ಲಿ ನೂರಕ್ಕೆ 99 ಮಂದಿಯನ್ನು ಹಿಡಿದು, ಇಲ್ಲದವರಲ್ಲಿ ನೂರಕ್ಕೆ 99 ಮಂದಿಗೆ "ಇಲ್ಲ" ಅನ್ನುವ ಯಂತ್ರವೂ ಆ 10 ಮಂದಿಯ ಜೊತೆಗೆ ಇನ್ನೂ 10 ಆರೋಗ್ಯವಂತರಿಗೆ "ರೋಗ ಐತಿ" ಅನ್ನುತ್ತದೆ. ಆ ಹತ್ತು ಮಂದಿ ದಿನದ ಪಗಾರ ಬಿಟ್ಟು, ಬಸ್ ಹಿಡಿದು, ಬಾಗಲಕೋಟೆಗೋ ಬೆಳಗಾವಿಗೋ ಹೃದಯ ತಜ್ಞರ ಹತ್ತಿರ ಹೋಗಬೇಕು. ಇದು 99 ನಿಜವಾಗಿದ್ದಾಗಿನ ಮಾತು. ರಾಶಿ ಕಲಸಿ ಪಡೆದ 99ಕ್ಕೆ ಇಷ್ಟೂ ಭರವಸೆ ಇಲ್ಲ.

ಈ ವಾರ ರಿಪೋರ್ಟ್ ಸಲ್ಲಿಸುವವರು ಇದ್ದರೆ ಕೇಳ್ರಿ. ಪ್ರತಿ ಬಡಿತದ ಪಕ್ಕ ರೆಕಾರ್ಡ್ ನಂಬರಿನ ಒಂದು ಕಾಲಂ ಸೇರಿಸಿ (201, 202 ಎರಡಕ್ಕೂ ಒಂದೇ ನಂಬರ್), ಪೈಥಾನ್ ಲೈಬ್ರರಿ ಸೈಕಿಟ್-ಲರ್ನ್‌ನ ಗ್ರೂಪ್-ಕೆ-ಫೋಲ್ಡ್‌ಗೆ ಆ ಕಾಲಂ ಕೊಡಿ, ಒಬ್ಬರ ಬಡಿತವೆಲ್ಲ ಒಂದೇ ಪಾಲಿಗೆ ಬೀಳುತ್ತದೆ. ಹೊಸದಾಗಿ ಶುರು ಮಾಡುವವರು ಪಿಟಿಬಿ-ಎಕ್ಸ್‌ಎಲ್ ತಗೊಳ್ಳಿ: 18,869 ರೋಗಿಗಳ 21,799 ಇಸಿಜಿ, ಹನ್ನೆರಡು ಲೀಡ್, ತಲಾ ಹತ್ತು ಸೆಕೆಂಡ್. ಒಬ್ಬ ರೋಗಿ ಎರಡು ಕಡೆ ಬೀಳದಂತೆ ಅವರೇ ಹತ್ತು ಪಾಲು ಮಾಡಿಟ್ಟಿದ್ದಾರೆ. 1ರಿಂದ 8 ಕಲಿಕೆಗೆ, 9 ಹೊಂದಿಸಲು, 10 ಕೊನೆಯ ಪರೀಕ್ಷೆಗೆ, ಅದೂ ಒಂದೇ ಸಲ. ಅಂಕಿ ಇಳಿಯುತ್ತದೆ. ಇಳಿದದ್ದನ್ನೇ ಪೋಸ್ಟರ್ ಮೇಲೆ ದೊಡ್ಡದಾಗಿ ಬರೀರಿ, ಪಕ್ಕದಲ್ಲಿ ಟೆಸ್ಟ್‌ನಲ್ಲಿ ಎಷ್ಟು ಮಂದಿ ಇದ್ದರು ಅನ್ನುವುದನ್ನೂ ಬರೀರಿ. ಫೋಟೋ ಕಳಿಸಿದರೆ ನಾನೇ ಇಲ್ಲಿ ಹಂಚುತ್ತೇನೆ.